‘ರಿಹ್ಯಾಬ್’ ಹಾಡಿಗೆ ಬಿದ್ದ ಚಪ್ಪಾಳೆ, ನನ್ನ ರೀಲ್‌ಗೆ ಬಿದ್ದ ಲೈಕು

1/8

ಮೊದಲೇ ಹೇಳ್ಬಿಡ್ತೀನಿ, ಇದು ಉದ್ದ ಇದೆ. ಎಂಟು ಪೋಸ್ಟ್. ಬಸ್ಸಲ್ಲಿ ಓದಿ, ಕ್ಲಾಸಲ್ಲಿ ಬೇಡ. (ಕಾಸ್ಟಿಂಗ್ ಕ್ಲಾಸಲ್ಲಾದ್ರೆ ಪರವಾಗಿಲ್ಲ, ನಾನು ಬರೆದದ್ದೂ ಅಲ್ಲೇ.)

ಈ ಸೆಮಿಸ್ಟರ್ ಓಪನ್ ಎಲೆಕ್ಟಿವ್‌ಗೆ ಒಂದು ಅಸೈನ್‌ಮೆಂಟ್ ಇತ್ತಲ್ಲ: ಒಂದು ಹಾಡು ತಗೊಳ್ಳಿ, ಅದು ಬಂದಾಗ ವಿಮರ್ಶಕರು ಏನಂದ್ರು ಅಂತ ಹುಡುಕಿ ಬರೀರಿ. ಅರ್ಧ ಕ್ಲಾಸು ಸಿನಿಮಾ ಹಾಡು ತಗೊಂಡಿತು. ನಾನು ಏಮಿ ವೈನ್‌ಹೌಸ್ ಹಾಡಿದ ‘ರಿಹ್ಯಾಬ್’ ತಗೊಂಡೆ. ಸ್ಟೈಲ್ ಹೊಡೆಯೋಕಲ್ಲ. ಎರಡು ವರ್ಷದ ಹಿಂದೆ ಆ ಹಾಡನ್ನ ಒಂದು ರೀಲ್‌ಗೆ ಹಾಕಿದ್ದೆ. ನನ್ನ ಅಕೌಂಟಲ್ಲಿ ಅಷ್ಟು ಓಡಿದ ರೀಲ್ ಇವತ್ತಿನವರೆಗೂ ಇನ್ನೊಂದಿಲ್ಲ. ನಿಮ್ಮಲ್ಲಿ ಸುಮಾರು ಜನ ನನ್ನನ್ನ ಫಾಲೋ ಮಾಡಿದ್ದೇ ಅದನ್ನ ನೋಡಿ.

ಮಾವನ ರೀಲ್. ನೆನಪಾಯ್ತಾ?

ನಮ್ಮನೆ ಗೃಹಪ್ರವೇಶ. ಊಟ ಮುಗಿದಿದೆ. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಚೇರಲ್ಲಿ ನಮ್ಮಮ್ಮನ ತಮ್ಮ ಕೂತು ಕಥೆ ಹೇಳ್ತಿದ್ದಾರೆ. ಕುಡಿತ ಬಿಡಿಸೋ ಶಿಬಿರಕ್ಕೆ ಮನೆಯವರು ಸೇರಿಸಿದ್ದು, ಮೂರನೇ ರಾತ್ರಿ ಕಾಂಪೌಂಡ್ ಹಾರಿದ್ದು, ಲುಂಗಿ ಗೇಟಿಗೆ ಸಿಕ್ಕಿಕೊಂಡಿದ್ದು, ಬೆಳಗಿನ ಮೊದಲ ಬಸ್ಸಿನ ಕಂಡಕ್ಟರ್ ಹತ್ರ ‘ಊರಲ್ಲಿ ಇಳಿದ ತಕ್ಷಣ ಕೊಡ್ತೀನಿ’ ಅಂತ ಸಾಲದಲ್ಲಿ ಟಿಕೆಟ್ ತಗೊಂಡಿದ್ದು. ಕೊನೆಗೆ, ‘ಹೆಂಗಸರಿಗೆ ಫ್ರೀ ಬಸ್ ಕೊಟ್ಟೋರು ಶಿಬಿರದಿಂದ ಓಡಿ ಬರೋರಿಗೂ ಕೊಡ್ಬೇಕಿತ್ತು’ ಅಂತಾರೆ. ಎಲ್ಲರೂ ಹೊಟ್ಟೆ ಹಿಡ್ಕೊಂಡು ನಗ್ತಾರೆ. ಹಿಂದೆ ‘ರಿಹ್ಯಾಬ್’ ಹಾಡಿನ ಡ್ರಮ್ಮು, ಚಪ್ಪಾಳೆ.

ಸಖತ್ತಾಗಿತ್ತು. ಸುಳ್ಳು ಯಾಕೆ ಹೇಳ್ಲಿ.

2/8

ಹಾಡಿನ ಬಗ್ಗೆ ಮೊದಲು. ಗೊತ್ತಿಲ್ಲದವರಿಗೆ.

ಏಮಿ ವೈನ್‌ಹೌಸ್ ಉತ್ತರ ಲಂಡನ್ನಿನ ಯಹೂದಿ ಕುಟುಂಬದ ಹುಡುಗಿ. ಹುಟ್ಟಿದ್ದು 1983ರಲ್ಲಿ. ‘ಫ್ರಾಂಕ್’ ಅನ್ನೋ ಮೊದಲ ಆಲ್ಬಂ 2003ರಲ್ಲಿ ಬಂತು, ಅದರಲ್ಲಿ ಜಾಝ್ ಜಾಸ್ತಿ. ಎರಡನೇ ಆಲ್ಬಂ ‘ಬ್ಯಾಕ್ ಟು ಬ್ಲ್ಯಾಕ್’. ಅದಕ್ಕಿಂತ ಮುಂಚೆ, 2006ರ ಅಕ್ಟೋಬರ್‌ನಲ್ಲಿ, ‘ರಿಹ್ಯಾಬ್’ ಸಿಂಗಲ್ ಆಗಿ ಬಿಡುಗಡೆ ಆಯ್ತು. ಆಗ ಅವಳಿಗೆ 23. ನನಗಿಂತ ಮೂರೇ ವರ್ಷ ದೊಡ್ಡವಳು ಅಂತ ಅಸೈನ್‌ಮೆಂಟ್ ಬರೀವಾಗ ಲೆಕ್ಕ ಹಾಕಿದೆ.

ಹಾಡು ಏನು ಹೇಳುತ್ತೆ? ಕುಡಿತ ಬಿಡೋ ಚಿಕಿತ್ಸೆಗೆ ಹೋಗು ಅಂತ ಜೊತೆಯವರು ಒತ್ತಾಯ ಮಾಡ್ತಾರೆ, ಇವಳು ಹೋಗಲ್ಲ ಅಂತಾಳೆ. ಅಷ್ಟೇ. ಅಲ್ಲಿ ಕೂರೋ ಬದಲು ಮನೇಲಿ ರೇ ಚಾರ್ಲ್ಸ್, ಡಾನಿ ಹ್ಯಾಥವೇ ಹಾಡು ಕೇಳ್ಕೊಂಡಿರ್ತೀನಿ ಅನ್ನೋ ಧಾಟಿ. ಪೀಠಿಕೆ ಏನೂ ಇಲ್ಲ, ಪಲ್ಲವಿಯಿಂದಲೇ ಶುರು. ಮೊದಲ ಸೆಕೆಂಡಿಗೇ ‘ಹೋಗಲ್ಲ’ ಅಂದು ಮುಗಿಸಿರ್ತಾಳೆ.

ಸಂಗೀತ ಮಾತ್ರ ಸಂಭ್ರಮದ್ದು. ನಿರ್ಮಾಪಕ ಮಾರ್ಕ್ ರಾನ್ಸನ್. ನುಡಿಸಿದವರು ನ್ಯೂಯಾರ್ಕಿನ ಬ್ರೂಕ್ಲಿನ್‌ನ ಡ್ಯಾಪ್-ಕಿಂಗ್ಸ್ ಅನ್ನೋ ತಂಡ. 1960ರ ದಶಕದ ಅಮೆರಿಕನ್ ಸೋಲ್ ಹಾಡುಗಳ ಹಾಗೆ ಡ್ರಮ್, ಕೊಂಬು ವಾದ್ಯ, ಗಂಟೆ, ಕೈಚಪ್ಪಾಳೆ. ಏಮಿ ಮೊದಲು ಇದನ್ನ ನಿಧಾನವಾದ ಬ್ಲೂಸ್ ಥರ ಬರೆದಿದ್ದಳು, ವೇಗ ಮತ್ತು ಚಪ್ಪಾಳೆ ರಾನ್ಸನ್ ಸಲಹೆ.

ಇದೊಂದು ವಿಷಯ ನೆನಪಿಟ್ಕೊಳ್ಳಿ. ಮಾತು ಒಂದು ಕಡೆ, ತಾಳ ಇನ್ನೊಂದು ಕಡೆ. ತಾಳ ಕೇಳಿದವರಿಗೆ ಕುಣಿಯೋಣ ಅನ್ಸುತ್ತೆ. ಮಾತು ಕೇಳಿದವರಿಗೆ?

3/8

ವಿಮರ್ಶಕರು ಏನಂದ್ರು?

ಒಂದೇ ಮಾತಲ್ಲಿ ಹೇಳೋದಾದ್ರೆ, ಮೆಚ್ಚಿಕೊಂಡ್ರು. ಬರೀ ಮೆಚ್ಚಿಕೊಳ್ಳಲಿಲ್ಲ, ತಲೆ ಮೇಲೆ ಹೊತ್ತುಕೊಂಡು ಮೆರೆಸಿದ್ರು. ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ಪತ್ರಿಕೆ ಪ್ರತಿ ವರ್ಷ ‘ಪ್ಯಾಜ್ ಅಂಡ್ ಜಾಪ್’ ಅಂತ ಒಂದು ಮತದಾನ ನಡೆಸ್ತಿತ್ತು, ಅದರಲ್ಲಿ ವೋಟ್ ಹಾಕೋರು ನೂರಾರು ಸಂಗೀತ ವಿಮರ್ಶಕರು. 2007ರ ಸಿಂಗಲ್‌ಗಳಲ್ಲಿ ‘ರಿಹ್ಯಾಬ್’ಗೆ ಮೊದಲ ಸ್ಥಾನ. ಅದೇ ವರ್ಷ ‘ಟೈಮ್’ ಪತ್ರಿಕೆ ಕೂಡ ಇದನ್ನೇ ವರ್ಷದ ಅತ್ಯುತ್ತಮ ಹಾಡು ಅಂತ ಆರಿಸಿತು. ಇಂಗ್ಲೆಂಡಿನಲ್ಲಿ ಹಾಡು ಬರೆಯೋರಿಗೆ ಕೊಡೋ ದೊಡ್ಡ ಪ್ರಶಸ್ತಿ ಐವರ್ ನೊವೆಲ್ಲೊ, ಅದೂ ಬಂತು. ಚಾರ್ಟಲ್ಲಿ ಬ್ರಿಟನ್ನಿನಲ್ಲಿ 7, ಅಮೆರಿಕದಲ್ಲಿ 9.

ಮೆಚ್ಚಿಕೊಂಡಿದ್ದು ಮುಖ್ಯವಾಗಿ ಮೂರು ವಿಷಯಕ್ಕೆ. ಒಂದು, ಧ್ವನಿ. ಇಪ್ಪತ್ತರ ಹುಡುಗಿ ಬಾಯಲ್ಲಿ ನಲವತ್ತು ವರ್ಷ ಹಳೇ ಕಂಠ. ಎರಡು, ರಾನ್ಸನ್ ಕೆಲಸ. ಹಳೇ ಸೋಲ್ ಸಂಗೀತದ ಎಲ್ಲಾ ಗುಣನೂ ಇದೆ, ಆದ್ರೂ ಕದ್ದ ಮಾಲು ಅನ್ಸಲ್ಲ. ಮೂರು, ಬರವಣಿಗೆ. ದಿಟ್ಟತನ, ತಮಾಷೆ, ತನ್ನನ್ನೇ ಗೇಲಿ ಮಾಡ್ಕೊಳ್ಳೋ ಧೈರ್ಯ. ‘ಟೈಮ್’ನ ಬರಹಗಾರ ಅವಳನ್ನ ಬಾಯಿಜೋರಿನವಳು, ತಮಾಷೆಯವಳು, ಬಹುಶಃ ಹುಚ್ಚಿಯೂ ಇರಬಹುದು ಅನ್ನೋ ಅರ್ಥದಲ್ಲಿ ಹೊಗಳಿದ. ಹೌದು, ಅದು ಹೊಗಳಿಕೆ.

ತಗಾದೆ ತೆಗೆದವರೂ ಇದ್ರು. ಕಪ್ಪು ಅಮೆರಿಕನ್ನರು ಕಟ್ಟಿದ ಸಂಗೀತ, ಹೆಸರು ಮಾತ್ರ ಲಂಡನ್ನಿನ ಬಿಳಿ ಹುಡುಗಿಗೆ ಅಂತ. ಈ ಮಾತಲ್ಲಿ ತೂಕ ಇದೆ. ಡ್ಯಾಪ್-ಕಿಂಗ್ಸ್ ತಂಡದ ಸ್ವಂತ ಗಾಯಕಿ ಶರಾನ್ ಜೋನ್ಸ್ ಒಂದು ಕಾಲದಲ್ಲಿ ಜೈಲಿನಲ್ಲಿ ಕಾವಲು ಕೆಲಸ ಮಾಡಿದವರು. ಅವರ ಮೊದಲ ಆಲ್ಬಂ ಬರೋ ಹೊತ್ತಿಗೆ ವಯಸ್ಸು ನಲವತ್ತೈದು ದಾಟಿತ್ತು.

ಆದ್ರೆ ಹೊಗಳಿದವರಾಗಲಿ ತೆಗಳಿದವರಾಗಲಿ, ಹೆಚ್ಚಿನವರು ಮಾತಾಡಿದ್ದು ಹಾಡು ಹೇಗಿದೆ ಅಂತ. ಹುಡುಗಿ ಹೇಗಿದ್ದಾಳೆ ಅಂತ ಅಲ್ಲ.

4/8

ಇಲ್ಲಿ ಒಂದು ಕಥೆ ಇದೆ. ರಾನ್ಸನ್ ತಾನೇ ಸಂದರ್ಶನಗಳಲ್ಲಿ ಹೇಳಿರೋದು.

ಇಬ್ಬರೂ ನ್ಯೂಯಾರ್ಕಿನ ರಸ್ತೇಲಿ ನಡ್ಕೊಂಡು ಹೋಗ್ತಿದ್ರಂತೆ. ಮನೆಯವರು ಬಂದು ಚಿಕಿತ್ಸೆಗೆ ಹೋಗು ಅಂತ ಕೂತುಬಿಟ್ಟಿದ್ರು, ನಾನು ಒಪ್ಪಲಿಲ್ಲ ಅಂತ ಏಮಿ ಆ ಪ್ರಸಂಗನ ಹೇಳಿದಳು. ಹೇಳಿದ ರೀತಿ ಎಷ್ಟು ಮಜವಾಗಿತ್ತು ಅಂದ್ರೆ, ರಾನ್ಸನ್‌ಗೆ ತಕ್ಷಣ ಹೊಳೆದಿದ್ದು: ಇದು ಹಾಡು! ವಾಪಸ್ ಸ್ಟುಡಿಯೋಗೆ ಹೋಗೋಣ! ಕೆಲವೇ ಗಂಟೆಯಲ್ಲಿ ಅವಳು ಬರೆದುಬಿಟ್ಟಳು.

ವರ್ಷಗಳಾದ ಮೇಲೆ ರಾನ್ಸನ್ ಇದನ್ನ ನೆನೆಸ್ಕೊಂಡು ಇನ್ನೊಂದು ಮಾತು ಹೇಳಿದ್ದಾರೆ. ಗೆಳೆಯನಾಗಿ ಆಗ ಕೇಳಬೇಕಿದ್ದಿದ್ದು, ‘ನಿನಗೆ ಅದು ಹೇಗನ್ನಿಸ್ತು’ ಅಂತ. ತಲೇಲಿ ಓಡ್ತಿದ್ದಿದ್ದು ಮಾತ್ರ ಸ್ಟುಡಿಯೋ.

ನನ್ನ ಪ್ರಕಾರ ಆ ಹಾಡಿನ ಮೊದಲ ವಿಮರ್ಶಕ ರಾನ್ಸನ್. ಪತ್ರಿಕೆಯವರು ಬಂದಿದ್ದು ಆಮೇಲೆ. ಅವರೆಲ್ಲರ ಪ್ರತಿಕ್ರಿಯೆ ಆ ರಸ್ತೇಲೇ ತೀರ್ಮಾನ ಆಗಿತ್ತು. ಒಬ್ಬರು ತಮ್ಮ ಕಷ್ಟನ ಚೆನ್ನಾಗಿ ಹೇಳಿದ್ರೆ ನಮ್ಮ ಕಿವಿಗೆ ‘ಚೆನ್ನಾಗಿ’ ಅನ್ನೋದು ಮಾತ್ರ ಬೀಳುತ್ತೆ. ಕಷ್ಟ ಅನ್ನೋದು ಜಾರಿ ಹೋಗುತ್ತೆ.

ರಾನ್ಸನ್‌ನ ಬೈಯೋಕೆ ಇದನ್ನ ಬರೀತಿಲ್ಲ. ಆ ಮನುಷ್ಯ ತಾನೇ ಒಪ್ಪಿಕೊಂಡಿದ್ದಾನೆ, ಅದು ದೊಡ್ಡದು. ನಾನು ಬರೀತಿರೋದು ಗೃಹಪ್ರವೇಶದ ದಿನ ಫೋನ್ ಎತ್ತಿಕೊಂಡ ಹುಡುಗಿ ಬಗ್ಗೆ. ಮಾವ ಗೇಟಿಗೆ ಲುಂಗಿ ಸಿಕ್ಕಿಕೊಂಡ ಜಾಗಕ್ಕೆ ಬಂದಾಗ ನನ್ನ ತಲೇಲಿ ಬಂದಿದ್ದು ಒಂದೇ: ‘ಅಯ್ಯೋ, ರೆಕಾರ್ಡ್ ಆನ್ ಆಗಿದ್ಯಾ?’ ಆನ್ ಆಗಿರ್ಲಿಲ್ಲ. ‘ಮಾವ, ಇನ್ನೊಂದ್ಸಲ ಮೊದಲಿಂದ ಹೇಳಿ’ ಅಂದೆ. ಅವರು ಹೇಳಿದ್ರು. ಎರಡನೇ ಸಲ ಇನ್ನೂ ಚೆನ್ನಾಗಿ ಹೇಳಿದ್ರು. ನೀವೆಲ್ಲ ನೋಡಿದ್ದು ಎರಡನೇ ಟೇಕು.

5/8

2008ರ ಫೆಬ್ರವರಿ 10, ಗ್ರ್ಯಾಮಿ ರಾತ್ರಿ. ಸಮಾರಂಭ ಅಮೆರಿಕದಲ್ಲಿ, ಏಮಿ ಲಂಡನ್ನಲ್ಲಿ. ವೀಸಾ ಮೊದಲು ಸಿಗಲಿಲ್ಲ, ಸಿಗೋ ಹೊತ್ತಿಗೆ ತಡ ಆಗಿತ್ತು. ಅದಕ್ಕೆ ಉಪಗ್ರಹದ ಮೂಲಕ ಹಾಡಿದಳು. ಅದಕ್ಕೆ ಕೆಲವೇ ವಾರ ಮುಂಚೆ ಅವಳು ಚಿಕಿತ್ಸೆಗೆ ಸೇರಿದ್ದಳು. ಅಂದ್ರೆ ಹೋಗಲ್ಲ ಅಂತ ಹಾಡಿದವಳು ಹೋಗಿದ್ದಳು, ಅಲ್ಲಿಂದ ಬಂದು ಹೋಗಲ್ಲ ಅನ್ನೋ ಹಾಡನ್ನೇ ಹಾಡಿದಳು. ಆ ರಾತ್ರಿ ಅವಳಿಗೆ ಐದು ಗ್ರ್ಯಾಮಿ, ಅದರಲ್ಲಿ ಮೂರು ಈ ಒಂದೇ ಹಾಡಿಗೆ.

‘ರೆಕಾರ್ಡ್ ಆಫ್ ದಿ ಇಯರ್’ ಪ್ರಶಸ್ತಿ ಘೋಷಿಸಿದ್ದು ಟೋನಿ ಬೆನೆಟ್ ಮತ್ತು ನಟಾಲಿ ಕೋಲ್. ಘೋಷಿಸಿ ಕೆಳಗಿಳಿದ ಮೇಲೆ ನಟಾಲಿ ಕೋಲ್, ಅವಳಿಗೆ ಇದು ಸಿಗಬಾರದಿತ್ತು, ಹುಡುಗರಿಗೆ ಇದು ತಪ್ಪು ಸಂದೇಶ ಅನ್ನೋ ಅರ್ಥದಲ್ಲಿ ಬಹಿರಂಗವಾಗಿ ಮಾತಾಡಿದ್ರು. ತುಂಬಾ ಜನಕ್ಕೆ ಸಿಟ್ಟು ಬಂತು. ಹೊಟ್ಟೆಕಿಚ್ಚು ಅಂದವರೂ ಇದ್ರು. ನಾನೂ ಮೊದಲ ಸಲ ಓದಿದಾಗ ‘ಏನಮ್ಮ ಇವಳು’ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ನಟಾಲಿ ಕೋಲ್ ಸ್ವತಃ ಡ್ರಗ್ಸ್ ಚಟದಲ್ಲಿ ಬಿದ್ದು, 1980ರ ದಶಕದಲ್ಲಿ ಚಿಕಿತ್ಸೆ ತಗೊಂಡು ಎದ್ದು ಬಂದವರು. ಉಳಿದವರಿಗೆ ಹಾಡು ಕೇಳಿಸ್ತಿದ್ದ ಜಾಗದಲ್ಲಿ ಅವರಿಗೆ ಇನ್ನೇನೋ ಕೇಳಿಸ್ತಿತ್ತು.

ಪ್ರಶಸ್ತಿ ಕೊಡಬಾರದಿತ್ತು ಅನ್ನೋದನ್ನ ನಾನು ಇವತ್ತಿಗೂ ಒಪ್ಪಲ್ಲ. ಹಾಡು ಅದಕ್ಕೆ ಲಾಯಕ್ಕೇ. ಆದ್ರೆ ಅವರಿಗೆ ಯಾಕೆ ನಗು ಬರಲಿಲ್ಲ ಅನ್ನೋದು ಅರ್ಥ ಆಗುತ್ತೆ.

ಯಾಕಂದ್ರೆ ನಮ್ಮನೇಲೂ ಒಬ್ಬರು ನಗಲಿಲ್ಲ. ನಮ್ಮತ್ತೆ. ರೀಲ್ ಓಡೋಕೆ ಶುರುವಾದ ವಾರ ಫೋನ್ ಮಾಡಿ, ‘ಪುಟ್ಟಿ, ಅದನ್ನ ತೆಗೆದುಬಿಡ್ತೀಯಾ?’ ಅಂದ್ರು. ‘ಯಾಕತ್ತೆ, ಎಲ್ಲರೂ ಇಷ್ಟಪಟ್ಟಿದ್ದಾರೆ, ಮಾವನೇ ಸ್ಟೇಟಸ್ ಹಾಕ್ಕೊಂಡಿದ್ದಾರೆ’ ಅಂದೆ. ‘ಹೂಂ, ಸರಿ ಬಿಡು’ ಅಂತ ಇಟ್ಟುಬಿಟ್ರು. ಅತ್ತೆಗೆ ಸೆನ್ಸ್ ಆಫ್ ಹ್ಯೂಮರ್ ಇಲ್ಲ ಅಂತ ಅಮ್ಮನ ಹತ್ರ ಹೇಳಿ ನಕ್ಕಿದ್ದೆ. ಅಮ್ಮ ನಗಲಿಲ್ಲ ಅನ್ನೋದನ್ನ ಆಗ ಗಮನಿಸಲಿಲ್ಲ.

6/8

2011ರ ಜೂನ್ 18, ಬೆಲ್‌ಗ್ರೇಡ್. ಏಮಿ ವೇದಿಕೆ ಮೇಲೆ ನಿಲ್ಲೋಕಾಗದೆ, ಹಾಡೋಕಾಗದೆ ಒದ್ದಾಡಿದಳು. ಜನ ಕೂಗಿ ಕಿಚಾಯಿಸಿದ್ರು. ಫೋನಲ್ಲಿ ತೆಗೆದ ವಿಡಿಯೋಗಳು ಊರೆಲ್ಲ ಸುತ್ತಿದವು. ಪ್ರವಾಸ ರದ್ದಾಯ್ತು. ಜುಲೈ 23ಕ್ಕೆ ಲಂಡನ್ನಿನ ಮನೇಲಿ ತೀರಿಕೊಂಡಳು. ವಯಸ್ಸು 27. ಕಾರಣ ಮದ್ಯದ ವಿಷ.

ಅವತ್ತಿಂದ ಆ ಹಾಡನ್ನ ಯಾರೂ ಮೊದಲಿನ ಹಾಗೆ ಕೇಳೋಕಾಗಲಿಲ್ಲ. ಅದೇ ಡ್ರಮ್ಮು, ಅದೇ ಚಪ್ಪಾಳೆ, ಒಂದು ಅಕ್ಷರ ಬದಲಾಗಿಲ್ಲ. ಆದ್ರೆ ಮುಂಚೆ ದಿಟ್ಟತನ ಅಂತ ಬರೆದಿದ್ದ ಜಾಗದಲ್ಲಿ ಈಗ ದುರಂತ ಅಂತ ಬರೆದ್ರು. ಆಸಿಫ್ ಕಪಾಡಿಯಾ ನಿರ್ದೇಶನದ ‘ಏಮಿ’ ಸಾಕ್ಷ್ಯಚಿತ್ರ 2015ರಲ್ಲಿ ಬಂತು, ಮುಂದಿನ ವರ್ಷ ಆಸ್ಕರ್ ಗೆದ್ದಿತು. ಟಿವಿ ಕಾರ್ಯಕ್ರಮಗಳಲ್ಲಿ ಅವಳ ಮೇಲೆ ಮಾಡಿದ ಜೋಕುಗಳು ಅದರಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ಈಗ ನೋಡೋವಾಗ ಮುಖ ಮುಚ್ಕೊಳ್ಳೋ ಹಾಗಾಗುತ್ತೆ. ಹಾಡಲ್ಲಿ ಅಪ್ಪನ ಪ್ರಸ್ತಾಪ ಬರುತ್ತಲ್ಲ, ಅದು ನಿಜವೇ ಆಗಿತ್ತು ಅನ್ನೋದನ್ನೂ ಸಿನಿಮಾ ಎತ್ತಿ ತೋರಿಸುತ್ತೆ. ಸಿನಿಮಾ ನನ್ನನ್ನ ತಪ್ಪಾಗಿ ಬಿಂಬಿಸಿದೆ ಅಂತ ಅವಳ ಅಪ್ಪ ಮಿಚ್ ವೈನ್‌ಹೌಸ್ ಬಹಿರಂಗವಾಗಿ ವಿರೋಧಿಸಿದ್ರು, ಅದನ್ನೂ ಹೇಳಬೇಕು. ಮನೆ ವಿಷಯ, ಹೊರಗಿಂದ ತೀರ್ಪು ಕೊಡೋದು ಸುಲಭ.

ಅವಳ ಹೆಸರಲ್ಲಿ ಕುಟುಂಬದವರು ಒಂದು ಪ್ರತಿಷ್ಠಾನ ಶುರು ಮಾಡಿದ್ರು. ಚಟದಿಂದ ಹೊರಬರ್ತಿರೋ ಯುವತಿಯರಿಗಾಗಿ ಲಂಡನ್ನಲ್ಲಿ ಒಂದು ಮನೆಯೂ ನಡೀತಿದೆ. ಹೋಗಲ್ಲ ಅಂದವಳ ಹೆಸರಿನ ಮನೆಗೆ ಬೇರೆ ಹುಡುಗಿಯರು ಹೋಗ್ತಿದ್ದಾರೆ.

ಅಸೈನ್‌ಮೆಂಟ್‌ನ ನಾನು ಇಲ್ಲಿಗೆ ಮುಗಿಸಿದ್ದೆ. ಮೇಡಂ 20ಕ್ಕೆ 14 ಕೊಟ್ಟು ಕೆಳಗೆ ಬರೆದ್ರು: ‘ಹಾಡಿನ ವಿಮರ್ಶೆ ಬಗ್ಗೆ ಬರಿ ಅಂದ್ರೆ ವಿಮರ್ಶಕರನ್ನೇ ಕಟಕಟೆಗೆ ನಿಲ್ಲಿಸಿದ್ದೀಯ. ಅವರಿಗೆ ಆಗ ಹೇಗೆ ಗೊತ್ತಾಗಬೇಕಿತ್ತು?’

ಒಳ್ಳೆ ಪ್ರಶ್ನೆ. ಉತ್ತರ ಅಕೌಂಟೆನ್ಸಿ ಪುಸ್ತಕದಲ್ಲಿ ಸಿಕ್ತು.

7/8

ಬಿಕಾಂನವರೇ, ಎಎಸ್ 4 ನೆನಪಿದ್ಯಾ? ಬ್ಯಾಲೆನ್ಸ್ ಶೀಟ್ ದಿನಾಂಕದ ನಂತರದ ಘಟನೆಗಳು. (ಬೇರೆ ಕೋರ್ಸಿನವರು ಓಡಿ ಹೋಗ್ಬೇಡಿ, ಎರಡೇ ನಿಮಿಷ.)

ಮಾರ್ಚ್ 31ಕ್ಕೆ ಲೆಕ್ಕ ಮುಗಿಸ್ತೀವಿ. ಲೆಕ್ಕಕ್ಕೆ ಸಹಿ ಬೀಳೋದಕ್ಕೆ ಮುಂಚೆ, ಏಪ್ರಿಲ್‌ನಲ್ಲಿ ಏನೋ ಆಗುತ್ತೆ. ಅದನ್ನ ಮಾರ್ಚಿನ ಲೆಕ್ಕಕ್ಕೆ ತಗೊಳ್ಬೇಕಾ ಬೇಡ್ವಾ? ಏಪ್ರಿಲ್ 15ಕ್ಕೆ ಗೋಡೌನಿಗೆ ಬೆಂಕಿ ಬಿದ್ರೆ ಬೇಡ, ಮಾರ್ಚ್ 31ಕ್ಕೆ ಬೆಂಕಿ ಇರ್ಲಿಲ್ಲ. ಆದ್ರೆ ನಮಗೆ ಎರಡು ಲಕ್ಷ ಕೊಡಬೇಕಾದ ಗಿರಾಕಿ ಏಪ್ರಿಲ್‌ನಲ್ಲಿ ದಿವಾಳಿ ಎದ್ರೆ? ಲೆಕ್ಕ ಬದಲಾಯಿಸ್ಬೇಕು. ಯಾಕಂದ್ರೆ ಯಾರೂ ಒಂದೇ ರಾತ್ರಿಗೆ ದಿವಾಳಿ ಆಗಲ್ಲ. ಮಾರ್ಚ್ 31ಕ್ಕೂ ಅವನು ಮುಳುಗ್ತಾನೇ ಇದ್ದ. ಏಪ್ರಿಲ್ ಬರೀ ಅದಕ್ಕೆ ಪುರಾವೆ ಕೊಟ್ಟಿತು.

ಹಾಗಾದ್ರೆ ಏಮಿ ಸಾವು ಬೆಂಕಿನಾ, ದಿವಾಳಿನಾ?

ಬೆಂಕಿ ಅಲ್ಲ. ಪರಿಸ್ಥಿತಿ 2006ರಲ್ಲೇ ಇತ್ತು. ಅದನ್ನ ಬಚ್ಚಿಟ್ಟಿರಲೂ ಇಲ್ಲ, ಹಾಡಿನ ಹೆಸರಲ್ಲೇ ಇತ್ತು. ಎಲ್ಲರೂ ಅದನ್ನ ಓದಿದ್ರು, ಚೆನ್ನಾಗಿ ಬರೆದಿದ್ದಾಳೆ ಅಂದ್ರು. ಹಾಗಂತ ವಿಮರ್ಶಕರು ಡಾಕ್ಟರಲ್ಲ. ಹಾಡಿಗೆ ಮಾರ್ಕ್ಸ್ ಕೊಡೋದು ಅವರ ಕೆಲಸ, ಆ ಮಾರ್ಕ್ಸ್ ಇವತ್ತಿಗೂ ಸರಿಯಾಗೇ ಇದೆ. ನಾನು ಅವರನ್ನ ಕಟಕಟೆಯಿಂದ ಇಳಿಸಿದೆ, ಮೇಡಂ. ಆದ್ರೆ ಅಲ್ಲಿ ಇನ್ನೊಬ್ಬರು ನಿಲ್ಲಬೇಕಿತ್ತು.

ಹೋದ ವರ್ಷ ದಸರಾ ರಜೇಲಿ ಮಾವ ರಕ್ತ ವಾಂತಿ ಮಾಡ್ಕೊಂಡ್ರು. ಆಸ್ಪತ್ರೇಲಿ ಹನ್ನೊಂದು ದಿನ. ಅದರಲ್ಲಿ ನಾಲ್ಕು ದಿನ ಐಸಿಯು. ಲಿವರ್. ನಾನು ಅತ್ತೆ ಜೊತೆ ಹೊರಗೆ ಬೆಂಚಲ್ಲಿ ಕೂತಿದ್ದೆ. ಫೋನಲ್ಲಿ ಒಂದು ನೋಟಿಫಿಕೇಶನ್ ಬಂತು. ಯಾರೋ ಗೊತ್ತಿಲ್ಲದವರು ಆ ರೀಲ್‌ಗೆ ಕಮೆಂಟ್ ಹಾಕಿದ್ರು: ‘ಮಾವ ರಾಕ್ಸ್’, ಮೂರು ನಗೋ ಇಮೋಜಿ. ಅತ್ತೆ ಪಕ್ಕದಲ್ಲೇ ಇದ್ರು. ನೋಡಿದ್ರೋ ಇಲ್ವೋ ಗೊತ್ತಿಲ್ಲ. ನನ್ನ ಕೈಗೆ ಒಂದು ಬಾಳೆಹಣ್ಣು ಕೊಟ್ಟು ‘ತಿನ್ನು, ಬೆಳಗ್ಗಿಂದ ಏನೂ ತಿಂದಿಲ್ಲ ನೀನು’ ಅಂದ್ರು.

ಅವತ್ತು ರಾತ್ರಿ ರೀಲ್ ತೆಗೆದುಹಾಕಿದೆ. ಯಾಕೆ ಕಾಣ್ತಿಲ್ಲ ಅಂತ ಮೆಸೇಜ್ ಮಾಡಿದ್ದ ಎಲ್ಲರಿಗೂ ಇದೇ ಉತ್ತರ.

8/8

ಆಸ್ಪತ್ರೆಯಿಂದ ಬಂದ ಮೇಲೆ ಮಾವ ಈ ಸಲ ತಾವೇ ಹೇಳಿ ಚಿಕಿತ್ಸೆಗೆ ಸೇರಿದ್ರು. ಗೋಡೆ ಹಾರಲಿಲ್ಲ. (‘ಹಾರೋಕೆ ಮೈಯಲ್ಲಿ ಶಕ್ತಿ ಎಲ್ಲಿತ್ತು’ ಅಂತಾರೆ. ಜೋಕು ಮಾತ್ರ ಬಿಟ್ಟಿಲ್ಲ.) ಇವತ್ತಿಗೆ ಎಂಟು ತಿಂಗಳು. ನಾವು ಎಂಟು ತಿಂಗಳು ಅಂದ್ರೆ ಅವರು ತಿದ್ದುತ್ತಾರೆ: ‘ಇವತ್ತೊಂದು ದಿನ.’

ಹೋದ ತಿಂಗಳು ಮನೆಗೆ ಹೋದಾಗ ಕೇಳಿದ್ರು: ‘ಆ ವಿಡಿಯೋ ಇದ್ಯಾ ಇನ್ನೂ?’

ಅಳಿಸಿದೆ ಅಂದೆ. ಫೋನಲ್ಲಿ ಒರಿಜಿನಲ್ ಇದ್ದಿದ್ದನ್ನ ಮಾತ್ರ ಮುಚ್ಚಿಡೋಕಾಗಲಿಲ್ಲ. ತೋರಿಸು ಅಂದ್ರು. ಜಗಲಿ ಮೇಲೆ ಕೂತು ಪೂರ್ತಿ ನೋಡಿದ್ರು. ಗೇಟಿನ ಜಾಗ ಬಂದಾಗ ಸಣ್ಣಗೆ ನಕ್ಕರು. ‘ಚೆನ್ನಾಗೇ ಹೇಳಿದ್ದೀನಲ್ಲೇ’ ಅಂದ್ರು. ಆಮೇಲೆ ಸ್ಕ್ರೀನ್ ಮೇಲೆ ಬೆರಳಿಟ್ಟು ನಿಲ್ಲಿಸಿ, ‘ಇಲ್ಲಿ ನೋಡು’ ಅಂದ್ರು.

ನೋಡಿದೆ. ಮಾವನ ಕೈಯಲ್ಲಿ ಮಜ್ಜಿಗೆಯ ಸ್ಟೀಲ್ ಲೋಟ. ಅರ್ಧ ಖಾಲಿ. ಅದನ್ನ ಅವರು ಎರಡೂ ಕೈಯಲ್ಲಿ ಹಿಡ್ಕೊಂಡಿದ್ದಾರೆ.

‘ಬೆಳಗ್ಗಿಂದ ಕೈ ನಡುಗ್ತಿತ್ತು. ಚೆಲ್ಲುತ್ತೇನೋ ಅಂತ ಹಂಗೆ ಹಿಡ್ಕೊಂಡಿದ್ದೆ.’

ಆ ರೀಲ್‌ನ ಎಡಿಟ್ ಮಾಡೋವಾಗ ಐವತ್ತು ಸಲವಾದ್ರೂ ನೋಡಿದ್ದೀನಿ. ಬೀಟ್‌ಗೆ ಕಟ್ ಕೂರಿಸಿದ್ದೀನಿ. ನಗು ಎಲ್ಲಿ ಬರಬೇಕು, ಹಾಡು ಎಲ್ಲಿ ಏರಬೇಕು, ಎಲ್ಲಾ ನೋಡಿದ್ದೀನಿ. ಲೋಟ ಮೊದಲಿಂದ ಕೊನೇವರೆಗೂ ಫ್ರೇಮಿನ ಮಧ್ಯದಲ್ಲೇ ಇತ್ತು.

‘ಸಾರಿ ಮಾವ’ ಅಂದೆ. ‘ನೀನೇನು ಮಾಡ್ತಿದ್ದೆ? ನಗ್ಸೋಕೆ ತಾನೇ ನಾನು ಹೇಳಿದ್ದು’ ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, ‘ನಕ್ಕಾದ್ಮೇಲೆ ಯಾರಾದ್ರೂ ಒಬ್ಬರು ಕೂತ್ಕೊಂಡಿದ್ರೆ ಹೇಳ್ತಿದ್ನೇನೋ. ಎಲ್ಲಾ ಎದ್ದು ತಾಂಬೂಲ ತಗೊಳ್ಳೋಕೆ ಹೋದ್ರಿ’ ಅಂದ್ರು.

ಅಷ್ಟೇ ಕಣ್ರೋ ನನಗೆ ಹೇಳೋಕಿರೋದು. ‘ರಿಹ್ಯಾಬ್’ ಇವತ್ತಿಗೂ ಅದ್ಭುತ ಹಾಡು, ಕೇಳಿ. ಚೆನ್ನಾಗಿದೆ ಅನ್ನಿ. ನಿಮ್ಮ ಗ್ಯಾಂಗಲ್ಲೂ ತನ್ನ ಕಷ್ಟನ ಕಾಮಿಡಿ ಮಾಡಿ ಹೇಳೋರು ಒಬ್ಬರು ಇದ್ದೇ ಇರ್ತಾರೆ, ಅವರ ಜೋಕಿಗೆ ನಗಿ. ನಕ್ಕಾದ್ಮೇಲೆ ಐದು ನಿಮಿಷ ಅಲ್ಲೇ ಕೂತಿರಿ.

ಮಾತಾಡೋಕೆ ಯಾರೂ ಇಲ್ಲ ಅನ್ನಿಸಿದ್ರೆ ಟೆಲಿ ಮಾನಸ್ ನಂಬರ್ 14416. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡ್ತಾರೆ.

ಇದನ್ನ ಮಾವನಿಗೆ ಓದಿ ಹೇಳಿ, ಒಪ್ಪಿಗೆ ತಗೊಂಡೇ ಹಾಕ್ತಿದ್ದೀನಿ. ಎರಡು ಷರತ್ತು: ಹೆಸರು ಬೇಡ, ಊರು ಬೇಡ. ಅತ್ತೆದೂ ಒಂದು ಷರತ್ತಿತ್ತು: ಫೋಟೋ ಬೇಡ. ಅದಕ್ಕೇ ಎಂಟೂ ಪೋಸ್ಟಲ್ಲಿ ಒಂದೇ ಚಿತ್ರ ಇದೆ. ನಮ್ಮ ಜಗಲಿ, ಮೇಲೆ ಒಂದು ಸ್ಟೀಲ್ ಲೋಟ.

#ಏಮಿವೈನ್‌ಹೌಸ್ #ರಿಹ್ಯಾಬ್ #ಹಾಡುಪಾಡು #ಬಿಕಾಂಡೈರಿ